ಹುಪರಿಗೆ ಹೊರಟ ಅಜ್ಜನ ಉಡದಾರ

ಅಜ್ಜನ ಬೆಳ್ಳಿ ಉಡದಾರ ಮೂರು ಕಡೆ ಹರಿದು, ನಾಲ್ಕು ತುಂಡಾಗಿ, ನಮ್ಮ ಮನೆಯ ಟ್ರಂಕಿನ ತಳದಲ್ಲಿ ಇಪ್ಪತ್ತು ವರ್ಷದಿಂದ ಬಿದ್ದುಕೊಂಡಿತ್ತು. ತಂಗಿಯ ಮಗಳಿಗೆ ಗಂಡು ಕೂಸು ಹುಟ್ಟಿದ ಸುದ್ದಿ ಬಂದ ಕೂಡಲೇ ಎಲ್ಲರಿಗೂ ಅದರ ನೆನಪಾಯಿತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ನಡುವಿಗೆ ಉಡದಾರ ಬೇಕಲ್ಲ!

"ಕರಗಿಸಿ ಹೊಸಾದು ಮಾಡಸು. ಹಳೀ ಬೆಳ್ಳಿ ಛಲೋ ಇರತೈತಿ" ಎಂದಳು ತಂಗಿ. "ಮಾವನವರ ಮೈಮ್ಯಾಲಿಂದು, ಕರಗಸಬ್ಯಾಡ್ರೋ" ಎಂದಳು ಅವ್ವ. ನಮ್ಮೂರ ಪತ್ತಾರರು ತುಂಡುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಒಂದೊಂದು ಕೊಂಡಿಯೂ ಹಿಂದಿನ ಎರಡನ್ನು, ಮುಂದಿನ ಎರಡನ್ನು ಹಿಡಿದುಕೊಂಡ ಹೆಣಿಗೆ ಅದು. "ಇದನ್ನ ಕೈಲೇ ಹೆಣದಾರ. ನನ್ನ ಕಡೆ ಆಗೂದಿಲ್ರಿ. ಹುಪರಿಗೆ ಒಯ್ರಿ" ಎಂದು ಹೇಳಿ ಕೈತೊಳೆದುಕೊಂಡರು. ಹೀಗೆ ಒಂದು ಗುರುವಾರ ಬೆಳಿಗ್ಗೆ ಕರವಸ್ತ್ರದಲ್ಲಿ ಅಜ್ಜನ ಉಡದಾರ ಕಟ್ಟಿಕೊಂಡು ಹೊರಟೆ.

ಬೆಳಗಾವಿಯಿಂದ ಪುಣೆಯ ಹೆದ್ದಾರಿ ಹಿಡಿದು ಸಂಕೇಶ್ವರ, ನಿಪ್ಪಾಣಿ ದಾಟಿ, ಕೊಗನೊಳ್ಳಿಯ ಆಚೆ ದೂಧಗಂಗೆಯ ಸೇತುವೆ ಇಳಿದರೆ ಮಹಾರಾಷ್ಟ್ರ. ಕಾಗಲ್‌ನಲ್ಲಿ ಬಸ್ಸು ಬದಲಿಸಿ ಬಲಕ್ಕೆ ಹೊರಳಿದರೆ ಒಂದಿಷ್ಟು ದೂರ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡುಗಳು, ಆಮೇಲೆ ಬರೀ ಕಬ್ಬು. ಕೊಲ್ಹಾಪುರ ಜಿಲ್ಲೆಯ ಈ ಭಾಗದಲ್ಲಿ ಕಬ್ಬು, ಬೆಲ್ಲ, ಸಕ್ಕರೆ ಕಾರ್ಖಾನೆ ಇವೇ ಜೀವನ ಎಂದುಕೊಳ್ಳುವಷ್ಟರಲ್ಲಿ ಹುಪರಿ ಬರುತ್ತದೆ. ಹೊಲಗಳ ನಡುವಿನ ಈ ಊರು ಬದುಕಿರುವುದು ಬೆಳ್ಳಿಯಿಂದ. ಮರಾಠಿಯಲ್ಲಿ ಇದನ್ನು ಚಂದೇರಿ ನಗರಿ, ಅಂದರೆ ಬೆಳ್ಳಿಯ ನಗರಿ, ಎಂದೇ ಕರೆಯುತ್ತಾರೆ.

ಹಾಗೆಂದು ಊರು ಹೊಳೆಯುತ್ತಿರುತ್ತದೆ ಎಂದು ತಿಳಿದು ಹೋದರೆ ನಿರಾಶೆ ಖಂಡಿತ. ನಾನೂ ಬಸ್ಸಿಳಿದು ಹತ್ತು ನಿಮಿಷ ಬೆಪ್ಪನಂತೆ ನಿಂತಿದ್ದೆ. ಚಹಾದಂಗಡಿ, ಮೊಬೈಲು ರಿಪೇರಿ, ಗೊಬ್ಬರದ ಅಂಗಡಿ... ಯಾವ ತಾಲ್ಲೂಕಿನಲ್ಲೂ ಇರುವಂಥ ಪೇಟೆ. ಬೆಳ್ಳಿ ಇರುವುದು ಒಳಗಿನ ಓಣಿಗಳಲ್ಲಿ, ಮನೆಗಳ ಒಳಗೆ. ಕಿವಿಗೊಟ್ಟು ನಡೆದರೆ ಒಂದು ಮನೆಯಿಂದ ಟಕಟಕ ಸುತ್ತಿಗೆ, ಇನ್ನೊಂದರಿಂದ ಪಾಲಿಶ್ ಯಂತ್ರದ ಗುಂಯ್‌ಗುಡುವಿಕೆ, ಮೂರನೆಯದರಿಂದ ಗಾಳಿ ಊದುವ ಉಸ್ಸೆಂಬ ಸದ್ದು.

ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಊರಿನಲ್ಲಿ ಬೆಳ್ಳಿ ಕೆಲಸ ನಡೆದಿದೆ. ಮುಖ್ಯವಾಗಿ ಕಾಲುಚೈನು, ಜೊತೆಗೆ ಗೆಜ್ಜೆ, ಉಡದಾರ, ಕಾಲುಂಗುರ. ರಾಜಕೋಟ್, ಆಗ್ರಾ, ಸೇಲಂನ ಮಾಲಿನೊಡನೆ ಪೈಪೋಟಿ ಮಾಡುತ್ತ ಹುಪರಿಯ ವ್ಯಾಪಾರಿಗಳು ದೇಶವನ್ನೆಲ್ಲ ಸುತ್ತುತ್ತಾರೆ. ನಿಮ್ಮ ಮನೆಯ ಮಗಳ ಕಾಲಿನಲ್ಲಿ ಝಣಗುಡುವ ಚೈನು ಇಲ್ಲಿಯದೇ ಇದ್ದರೂ ಆಶ್ಚರ್ಯವಿಲ್ಲ.

ನಮ್ಮ ಪತ್ತಾರರ ಪರಿಚಯದವರೊಬ್ಬರ ಕಾರ್ಖಾನೆಗೆ ಹೋದೆ. ಕಾರ್ಖಾನೆ ಎಂದರೆ ಮನೆಯ ಹಿಂದಿನ ಎರಡು ಖೋಲಿ. ಮಾಲೀಕರು ಮರಾಠಿಯವರಾದರೂ ಚಿಕ್ಕೋಡಿ, ಗೋಕಾಕ ಕಡೆಯ ಗಿರಾಕಿಗಳಿಂದಾಗಿ ಕನ್ನಡ ಬಲ್ಲವರು. "ಮೊದಲ ನೋಡ್ರಿ, ಆಮ್ಯಾಲೆ ಮಾತಾಡೂಣು" ಎಂದು ಒಳಗೆ ಕರೆದೊಯ್ದರು.

ಮೂಸೆಯಲ್ಲಿ ಬೆಳ್ಳಿ ಕರಗುತ್ತಿತ್ತು. ಶುದ್ಧ ಬೆಳ್ಳಿ ಕರಗಲು 962 ಡಿಗ್ರಿ ಸೆಲ್ಸಿಯಸ್ ಬೇಕು. ತಾಮ್ರ ಬೆರೆತರೆ ಅದಕ್ಕಿಂತ ಕಡಿಮೆ ಸಾಕು. ಶುದ್ಧ ಬೆಳ್ಳಿ ತೀರ ಮೆತ್ತಗೆ, ಕಾಲಿಗೆ ಹಾಕಿದರೆ ನಾಲ್ಕು ದಿನಕ್ಕೆ ಎಳೆದುಹೋಗುತ್ತದೆ; ಅದಕ್ಕೇ ತಾಮ್ರದ ಬೆರಕೆ. ಕರಗಿದ್ದನ್ನು ಅಚ್ಚಿಗೆ ಹೊಯ್ದು ಕಡ್ಡಿ ಮಾಡಿ, ಆ ಕಡ್ಡಿಯನ್ನು ತೂತುಗಳ ಉಕ್ಕಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆಯುತ್ತ ಹೋಗುತ್ತಾರೆ. ಎಳೆದಂತೆಲ್ಲ ತಂತಿ ಸಣ್ಣಗಾಗುತ್ತದೆ, ಜೊತೆಗೆ ಬಿರುಸಾಗುತ್ತದೆ. ನಡುನಡುವೆ ಕೆಂಪಗೆ ಕಾಸಿ ಮೆತ್ತಗೆ ಮಾಡದಿದ್ದರೆ ಪಟ್ಟನೆ ತುಂಡಾಗುತ್ತದೆ. ಆಮೇಲೆ ಉಕ್ಕಿನ ಸರಳಿಗೆ ತಂತಿಯನ್ನು ಒತ್ತೊತ್ತಾಗಿ ಸುತ್ತಿ ಸ್ಪ್ರಿಂಗಿನಂತೆ ಮಾಡುವುದು. ಉದ್ದಕ್ಕೂ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಪುಟಪುಟನೆ ಉದುರುತ್ತವೆ ಬಾಯಿಬಿಟ್ಟ ಉಂಗುರಗಳು. ನಾವು ಕೊಂಡಿ ಎನ್ನುವುದನ್ನು ಅಲ್ಲಿ 'ಕಡಿ' ಎನ್ನುತ್ತಾರೆ. ಒಂದು ಸ್ಟೀಲಿನ ಡಬ್ಬಿಯ ತುಂಬ ಇದ್ದ ಕಡಿಗಳಲ್ಲಿ ಕೈಯಾಡಿಸಿದೆ, ರಾಗಿಯ ರಾಶಿಯಲ್ಲಿ ಆಡಿಸಿದ ಹಾಗಾಯಿತು.

ಈ ಉಂಗುರಕ್ಕೆ ಉಂಗುರ ಹೆಣೆಯುವ ವಿದ್ಯೆ ಆಭರಣಕ್ಕಷ್ಟೇ ಸೀಮಿತವಲ್ಲ. ದಖ್ಖನಿನ ಸುಲ್ತಾನರ ಕಾಲದ ಯೋಧರು ತೊಡುತ್ತಿದ್ದ ಕಬ್ಬಿಣದ ಅಂಗಿಗಳು ಇದೇ ಲೆಕ್ಕದವು: ಒಂದೊಂದು ಉಂಗುರವೂ ಸುತ್ತಲಿನ ನಾಲ್ಕನ್ನು ಹಿಡಿದಿರುತ್ತದೆ. 17ನೆಯ ಶತಮಾನದ ಕೊನೆಗೆ ಆದವಾನಿ ಕೋಟೆ ಬಿದ್ದಾಗ ಮೊಗಲರ ಪರ ಕಾದಿದ ಬಿಕಾನೇರದ ದೊರೆ ಅನೂಪಸಿಂಹ ಅಂಥ ಕವಚಗಳನ್ನು ತನ್ನೂರಿಗೆ ಸಾಗಿಸಿದ; ನಮ್ಮ ಕಡೆಯ ಸರಪಳಿ ಅಂಗಿಗಳು ಮರುಭೂಮಿ ಸೇರಿದ್ದು ಹೀಗೆ. ಒಳ್ಳೆಯ ಕವಚದಲ್ಲಿ ಉಂಗುರದ ತುದಿಗಳನ್ನು ಒತ್ತಿ ಚಪ್ಪಟೆ ಮಾಡಿ ಪುಟ್ಟ ಮೊಳೆ ಹೊಡೆದಿರುತ್ತಾರೆ. ಬರೀ ತುದಿಗೆ ತುದಿ ತಾಗಿಸಿ ಬಿಟ್ಟರೆ ಈಟಿಯ ಏಟಿಗೆ ಬಾಯಿಬಿಡುತ್ತದೆ. ಬೆಳ್ಳಿಯಲ್ಲಿ ಮೊಳೆಯ ಬದಲು ಬೆಸುಗೆ, ಅಷ್ಟೇ ವ್ಯತ್ಯಾಸ.

ಕಡಿಗಳನ್ನು ಹೆಣೆಯುವುದು ಕಾರ್ಖಾನೆಯಲ್ಲಿ ಅಲ್ಲ. ತೂಕ ಮಾಡಿ, ಚೀಟಿ ಬರೆದು, ಓಣಿಯ ಮನೆಗಳಿಗೆ ಕೊಡುತ್ತಾರೆ. ಅಲ್ಲಿ ಹೆಂಗಸರು ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಾಗಿಲ ಬೆಳಕಿನಲ್ಲಿ ಕೂತು ಜೋಡಿಸಿ, ಮತ್ತೆ ತೂಗಿ ಒಪ್ಪಿಸುತ್ತಾರೆ. ಮಾಲೀಕರು ನನ್ನನ್ನು ಅಂಥ ಒಂದು ಮನೆಗೆ ಕಳಿಸಿದರು. "ಈ ಹೆಣಿಗಿ ಗೊತ್ತಿದ್ದಾಕಿ ಆ ಆಯಿ ಒಬ್ಬಾಕಿನ."

ಆಯಿಗೆ ಎಪ್ಪತ್ತರ ಮೇಲಾಗಿರಬೇಕು. ದಪ್ಪ ಕನ್ನಡಕ. ಮುಂದೆ ಪರಾತ, ಪರಾತದಲ್ಲಿ ಕಡಿ, ಎರಡೂ ಕೈಯಲ್ಲಿ ಚಿಮಟ. ಪಕ್ಕದಲ್ಲಿ ಸೊಸೆ ಇನ್ನೊಂದು ಪರಾತ ಇಟ್ಟುಕೊಂಡು ಕೂತಿದ್ದಳು. ನಾನು ತಡವರಿಸುತ್ತ ಮರಾಠಿ ಶುರು ಮಾಡಿದೆ. ಆಯಿ ನಕ್ಕು, "ಕನ್ನಡದಾಗ ಹೇಳೋ ತಮ್ಮಾ. ನನ್ನ ತವರಮನಿ ಚಿಕ್ಕೋಡಿ ಕಡೀದು" ಎಂದಳು.

ಉಡದಾರವನ್ನು ಕೈಗೆ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿಯಲಿಲ್ಲ, ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದಳು. "ಇಲ್ಲಿ ಸವದೈತಿ, ಇಲ್ಲಿ ಸವದೈತಿ... ಇದು ಗಟ್ಟಿ ಐತಿ." ಆಗ ನನಗೂ ಕಂಡಿತು: ಕಡಿಗೆ ಕಡಿ ಉಜ್ಜುವ ಒಳಮೈಯಲ್ಲಿ ಬೆಳ್ಳಿ ದಾರದಷ್ಟು ತೆಳ್ಳಗಾಗಿತ್ತು. ಬೆಸುಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅರವತ್ತು ವರ್ಷ ಹೊಲದಲ್ಲಿ ಬಗ್ಗಿ ಎದ್ದ ಅಜ್ಜನ ಮೈಯೇ ಅದನ್ನು ತೇದಿತ್ತು.

ಆಯಿ ಮಾತಾಡುತ್ತಲೇ ಕೆಲಸ ನಡೆಸಿದ್ದಳು. ಬಲಗೈ ಚಿಮಟ ಕಡಿಯ ಬಾಯಿ ತೆರೆಯುತ್ತದೆ, ಎಡಗೈ ಪೋಣಿಸುತ್ತದೆ, ಮತ್ತೆ ಬಲಗೈ ಮುಚ್ಚುತ್ತದೆ. ಒಂದಕ್ಕೆ ಮೂರು ನಾಲ್ಕು ಸೆಕೆಂಡು. "ನಾನೂ ನೋಡಲೇನು ಆಯಿ?" ಎಂದು ಒಂದು ಕಡಿ ತೆಗೆದುಕೊಂಡು ಎರಡು ತುದಿಗಳನ್ನು ಆಚೆ ಈಚೆ ಎಳೆದೆ. ಬಾಯೇನೋ ತೆರೆಯಿತು, ಆದರೆ ಮುಚ್ಚುವಾಗ ಕಡಿ ಮೊಟ್ಟೆಯ ಆಕಾರಕ್ಕೆ ತಿರುಗಿತು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. "ಹಂಗ ಜಗ್ಗಬಾರದೋ. ಒಂದ ತುದಿ ನಿನ್ನ ಕಡೆ, ಒಂದ ತುದಿ ಆಕಡೆ. ಬಾಗಲಾ ತೆರದಾಂಗ" ಎಂದು ತೋರಿಸಿದಳು ಆಯಿ. ಪಕ್ಕಕ್ಕೆ ತಿರುಚಿ ತೆರೆದರೆ ದುಂಡು ಕೆಡುವುದಿಲ್ಲ. ಮುಚ್ಚುವಾಗ ತುದಿಗಳನ್ನು ಒಂದಿಷ್ಟು ದಾಟಿಸಿ ಹಿಂದಕ್ಕೆ ತಂದರೆ ಸಣ್ಣಗೆ ಟಿಕ್ ಎನ್ನುತ್ತದೆ. ನಡುವೆ ಬೆಳಕು ಕಾಣಬಾರದು. ಸಂದಿ ಉಳಿದರೆ ಬೆಸುಗೆ ಅದನ್ನು ತುಂಬುವುದಿಲ್ಲ, ಇತ್ತ ಕಡೆ ಅತ್ತ ಕಡೆ ಮುದ್ದೆಯಾಗಿ ನಿಲ್ಲುತ್ತದೆ. ಮುಂದೆ ಬಿಳಿಗಾರ ಹಚ್ಚಿ ಬೆಸುಗೆ ಕಾಸುವುದು, ಹುಳಿಯಲ್ಲಿ ಕುದಿಸುವುದು, ಅಂಟವಾಳದ ನೊರೆಯಲ್ಲಿ ಹಿತ್ತಾಳೆ ತಂತಿಯ ಬ್ರಷ್ಷಿನಿಂದ ತಿಕ್ಕುವುದು ಇವೆಲ್ಲ ಬೇರೆಯವರ ಪಾಲು. ಆದರೆ ಈ ಟಿಕ್ ಸರಿಯಾಗಿ ಬೀಳದಿದ್ದರೆ ಮುಂದಿನವರ ಕೆಲಸವೆಲ್ಲ ನೀರಿನಲ್ಲಿ ಹೋಮ.

ಕೂಲಿ ಹೇಗೆ ಎಂದು ಕೇಳಿದೆ. ಕಿಲೋ ಲೆಕ್ಕ. ಅಲ್ಲೇ ಚೀಟಿಯ ಹಿಂದೆ ಲೆಕ್ಕ ಹಾಕಿ ನೋಡಿದೆ. ಒಂದು ಮಿಲಿಮೀಟರ್ ದಪ್ಪದ ತಂತಿ, ಒಳಗೆ ನಾಲ್ಕು ಮಿಲಿಮೀಟರ್ ಅಗಲ ಇರುವ ಕಡಿಯಾದರೆ ಕಿಲೋಗೆ ಸುಮಾರು 7,800 ಬರುತ್ತವೆ. ದಪ್ಪ, ಅಗಲ ಎರಡನ್ನೂ ಅರ್ಧ ಮಾಡಿದರೆ ಕಿಲೋಗೆ 15 ಸಾವಿರ ಆಗಬೇಕಲ್ಲವೇ? ಇಲ್ಲ, 62 ಸಾವಿರ! ಎಂಟು ಪಟ್ಟು. ಆಯಿಗೆ ಈ ಗಣಿತ ಹೇಳಿದರೆ, "ನಿನಗ ಈಗ ತಿಳೀತು. ನಮ್ಮ ಕಣ್ಣಿಗೆ ಮೊದಲ ತಿಳದೈತಿ" ಎಂದಳು. ಸಣ್ಣ ಕಡಿಗೆ ದರ ಹೆಚ್ಚಿದೆ, ಆದರೆ ಎಂಟು ಪಟ್ಟು ಇಲ್ಲವಂತೆ. ನಾಜೂಕಾದ ಕೆಲಸವನ್ನು ತಕ್ಕಡಿಯಲ್ಲಿ ತೂಗುವ ಈ ಪದ್ಧತಿ ನನಗಂತೂ ಅನ್ಯಾಯವೆನಿಸಿತು. ಮೇಲಾಗಿ ಈಗ ಯಂತ್ರ ಬಂದಿದೆ. ತಂತಿಯ ಸುರುಳಿ ಹಾಕಿದರೆ ಅದೇ ಬಾಗಿಸಿ, ಕತ್ತರಿಸಿ, ಜೋಡಿಸಿ ಗಜಗಟ್ಟಲೆ ಸರಪಳಿ ಉಗುಳುತ್ತದೆ. ದರ ಏರಿಸಿ ಎಂದರೆ ಯಂತ್ರದ ಕಡೆ ಬೆರಳು ತೋರಿಸುತ್ತಾರೆ. ಆಯಿಯ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ, ಚಿಮಟ ಮುಟ್ಟುವುದಿಲ್ಲ. "ಮುಟ್ಟಬ್ಯಾಡ ಅಂತ ನಾನ ಹೇಳೇನಿ" ಎಂದಳು ಆಯಿ.

"ಹಂಗಾದ್ರ ಇದನ್ನ ಕರಗಸಲೇನು ಆಯಿ?" ಕೊನೆಗೆ ಬಂದ ಕೆಲಸ ಕೇಳಿದೆ.

ಆಯಿ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಕೂಸಿನ ನಡಾ ಎಷ್ಟಿರತೈತೋ? ಈ ಗಟ್ಟಿ ತುಂಡು ಸಾಕು. ಉಳದಿದ್ದು ಇಟಗೋ. ಹುಡುಗ ಬೆಳದಾಂಗ ಗೇಣ ಗೇಣ ಸೇರಸ್ರಿ. ಕಡೀ ಕೆಲಸ ಅಂದ್ರ ಅದs ಅಲಾ?"

ನಾಲ್ಕು ಜನ ಕೂಡಿ ಹದಿನೈದು ದಿನ ವಾದ ಮಾಡಿದರೂ ನಮಗೆ ಹೊಳೆಯದೇ ಇದ್ದ ಮಾತು! ಆಯಿ ಸವೆದ ತುದಿಗಳನ್ನು ಕತ್ತರಿಸಿ, ಗಟ್ಟಿ ತುಂಡಿಗೆ ಹನ್ನೊಂದು ಹೊಸ ಕಡಿ, ಒಂದು ಕೊಕ್ಕೆ ಹಾಕಿದಳು. ಕಾರ್ಖಾನೆಯಲ್ಲಿ ಬೆಸುಗೆಯಾಯಿತು. ಹಳೆಯ ಬೆಳ್ಳಿಯ ಮಂಕಿನ ನಡುವೆ ಹೊಸವು ಹಾಲುಹಲ್ಲಿನಂತೆ ಕಂಡವು. ಇಪ್ಪತ್ತು ಕಡಿಗಳನ್ನು ಮರಾಠಿ ಪತ್ರಿಕೆಯ ಚೂರಿನಲ್ಲಿ ಕಟ್ಟಿ, "ಇಟಗೋ, ಬೇಕಾಗತಾವು. ಅವಾಗ ನಾ ಇರಾಂಗಿಲ್ಲ" ಎಂದು ಕೊಟ್ಟಳು.

ದುಡ್ಡು ಕೊಡುವಾಗ ಮಾಲೀಕರು ಪೇಚಿಗೆ ಸಿಕ್ಕಿದರು. ಅವರ ಬಿಲ್ಲು ಪುಸ್ತಕದಲ್ಲಿ ತೂಕ, ದರ, ಮೊತ್ತ ಎಂದು ಮೂರೇ ಕಲಮು. ಹನ್ನೊಂದು ಕಡಿಯ ತೂಕಕ್ಕೆ ಕೂಲಿ ಲೆಕ್ಕ ಹಾಕಿದರೆ ಚಹಾದ ಖರ್ಚೂ ಹುಟ್ಟುವುದಿಲ್ಲ. ಕೊನೆಗೆ ಬಿಲ್ಲು ಬರೆಯಲಿಲ್ಲ. ನಾನು ಆಯಿಯ ಮನೆಗೆ ಮತ್ತೆ ಹೋಗಿ ಅವಳ ಒಂದು ದಿನದ ಕೂಲಿ ಎಷ್ಟೆಂದು ಸೊಸೆಯನ್ನು ಕೇಳಿ ಅಷ್ಟನ್ನು ಕೊಟ್ಟು ಬಂದೆ. ಬೇಡ ಎನ್ನಲಿಲ್ಲ. ಎಣಿಸಿ, ಅರಿಶಿನ ಡಬ್ಬಿಯಲ್ಲಿ ಇಟ್ಟಳು.

ತೊಟ್ಟಿಲಿನ ಹಿಂದಿನ ದಿನ ಕೂಸಿನ ನಡುವಿಗೆ ಹಿಡಿದು ನೋಡಿದರೆ ಎರಡು ಬೆರಳು ಸಾಲದು. ಪಕ್ಕದ ಮನೆಯ ಎಲೆಕ್ಟ್ರಿಶಿಯನ್ನನಿಂದ ಎರಡು ಇಕ್ಕಳ ತಂದು, ದೀಪದ ಕೆಳಗೆ ಕೂತು, ಪತ್ರಿಕೆಯ ಕಟ್ಟು ಬಿಚ್ಚಿದೆ. ಬಾಗಿಲು ತೆರೆದ ಹಾಗೆ, ಒಂದು ತುದಿ ನನ್ನ ಕಡೆ, ಒಂದು ಆ ಕಡೆ. ಒಂದೊಂದಕ್ಕೆ ಐದು ನಿಮಿಷ ಹಿಡಿಯಿತು. ಮೂರು ಕೆಟ್ಟವು. ಪತ್ತಾರರು ಮರುದಿನ ಬೆಳಿಗ್ಗೆ ಬೆಸುಗೆ ಹಾಕಿ, "ಯಾರು ಜೋಡ್ಸಿದ್ರಿ ಇದನ್ನ? ಒಂದರಾಗ ಬೆಳಕ ಕಾಣತೈತಿ" ಎಂದರು. ಅವ್ವ ಅದನ್ನು ಕೈಗೆ ತೆಗೆದುಕೊಂಡು, ಕೂಸಿಗೆ ಚುಚ್ಚೀತೇನೋ ಎಂದು ಒಂದೊಂದೇ ಕಡಿಯ ಮೇಲೆ ಉಗುರಾಡಿಸುತ್ತ ಬಹಳ ಹೊತ್ತು ಕೂತಿದ್ದಳು.