ಹನಿಗಳ ಲೆಕ್ಕ, ವರ್ಷಗಳ ಲೆಕ್ಕ

ಕೊಡೆಯನ್ನು ಬಾಗಿಲ ಹೊರಗೇ ಇಟ್ಟು ಒಳಗೆ ಬನ್ನಿ. ಥಾಣೆಯ ವರ್ತಕ ನಗರ, ಮ್ಹಾಡಾ ಕಟ್ಟಡದ ಎರಡನೆಯ ಮಾಳಿಗೆ, ಒಂದು ಕೋಣೆ, ಒಂದು ಅಡುಗೆಮನೆ. ಜುಲೈ ತಿಂಗಳ ಮಳೆ ಬೆಳಿಗ್ಗೆಯಿಂದ ಬಿಟ್ಟಿಲ್ಲ. ಪೋಖ್ರಣ್ ರಸ್ತೆಯ ಕಡೆಗೆ ತಿರುಗುವ ರಿಕ್ಷಾಗಳ ಹಾರ್ನ್ ಕಿಟಕಿಯವರೆಗೂ ಬರುತ್ತದೆ. ಮಂಚದ ಮೇಲೆ ಕೂರಲು ಜಾಗವಿಲ್ಲ, ಪೂರ್ತಿ ಕಾಗದ: ಪಿಯುಸಿ ಅಂಕಪಟ್ಟಿ, ಮಂಗಳೂರಿನ ನರ್ಸಿಂಗ್ ಶಾಲೆಯ ಫೀಸಿನ ರಶೀದಿಗಳು, ಆಧಾರ್, ಪಾಸ್‌ಪೋರ್ಟ್ ಸೈಜಿನ ಫೋಟೊಗಳು. ಅವುಗಳ ನಡುವೆ ಕಾಲು ಮಡಚಿ ಕೂತವಳು ನನ್ನ ಅಕ್ಕನ ಮಗಳು. ವಯಸ್ಸು ಹತ್ತೊಂಬತ್ತು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಮೊದಲ ವರ್ಷ ಮುಗಿಸಿ ಬಂದಿದ್ದಾಳೆ.

"ಚಿಕ್ಕಮ್ಮ, ಟ್ರಾನ್ಸ್‌ಫರ್ ಆಗ್ತದಾ, ಇಲ್ವಾ? ಅದೊಂದು ಹೇಳಿ."

ಅವಳ ಅವಸರಕ್ಕೆ ಕಾರಣವಿದೆ. ಭಾವನಿಗೆ ಕಳೆದ ಚಳಿಗಾಲದಲ್ಲಿ ಸ್ಟೆಂಟ್ ಹಾಕಿದ್ದಾರೆ. ಕ್ಯಾಂಟೀನಿನ ದುಡಿಮೆ ಅರ್ಧಕ್ಕೆ ಇಳಿದಿದೆ. ಮಗಳು ಕಣ್ಣೆದುರು ಇರಲಿ ಎಂದು ಅಕ್ಕನ ಆಸೆ. ಅಷ್ಟರಲ್ಲಿ ಏಜೆಂಟನೊಬ್ಬ ಭಾವನ ಕಿವಿಗೆ ಒಂದು ಮಾತು ಹಾಕಿದ್ದಾನೆ: ಹುಡುಗಿ ಒಂದು ವರ್ಷ ಓದಿಯಾಗಿದೆ, ದುಡ್ಡು ಕಟ್ಟಿದರೆ ಇಲ್ಲೇ ಬಿ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷಕ್ಕೆ ಕೂರಿಸಿಬಿಡುತ್ತೇನೆ.

ನಾನು ಚಹಾದ ಲೋಟಗಳನ್ನು ಕೆಳಗಿಡುತ್ತೇನೆ. "ಆ ಮಾತು ಸುಳ್ಳು ಮಗಾ."

ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಅದರ ಪರೀಕ್ಷೆ ನಡೆಸುವುದು ಆಯಾ ರಾಜ್ಯದ ಬೋರ್ಡು. ಬಿ.ಎಸ್ಸಿ. ನಾಲ್ಕು ವರ್ಷದ ಪದವಿ, ಎಂಟು ಸೆಮಿಸ್ಟರು. ಇಲ್ಲಿ ಅದು ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಪ್ರವೇಶಕ್ಕೆ ಸಿಇಟಿ ಇದೆ. ಡಿಪ್ಲೊಮಾದಲ್ಲಿ ಓದಿದ ವರ್ಷ ಪದವಿಯ ಲೆಕ್ಕಕ್ಕೆ ಬರುವುದಿಲ್ಲ. ಡಿಪ್ಲೊಮಾದಿಂದ ಪದವಿಗೆ ದಾಟುವ ಸೇತುವೆಯ ಹೆಸರು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಜಿಎನ್‌ಎಂ ಪೂರ್ತಿ ಮುಗಿಸಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಅದು ತೆರೆಯುತ್ತದೆ.

ಅವಳ ಮುಖ ಸಪ್ಪಗಾಗುತ್ತದೆ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಿಂದ ಜೂನ್ ಹಾಳೆ ಹರಿದು, ಬಿಳಿ ಜಾಗ ಇರುವ ಕಡೆ ಪೆನ್ನು ಕೊಡುತ್ತೇನೆ. "ನೀನೇ ಬರಿ. ಮಂಗಳೂರಿಗೆ ವಾಪಸ್ ಹೋದರೆ?"

ಅವಳು ಬರೆಯುತ್ತಾಳೆ: ಜಿಎನ್‌ಎಂ ಬಾಕಿ 2, ಪೋಸ್ಟ್ ಬೇಸಿಕ್ 2. ಒಟ್ಟು 4.

"ಎಲ್ಲ ಬಿಟ್ಟು ಹೊಸದಾಗಿ ಬಿ.ಎಸ್ಸಿ.ಗೆ ಸೇರಿದರೆ?"

ಕೆಳಗಿನ ಸಾಲಿನಲ್ಲೂ 4 ಬರುತ್ತದೆ. ಪೆನ್ನು ಅಲ್ಲೇ ನಿಲ್ಲುತ್ತದೆ.

ನಾಲ್ಕಕ್ಕೆ ನಾಲ್ಕು ಸರಿಸಮ. ಹಾಗೆಂದು ಎರಡೂ ಒಂದೇ ಅಲ್ಲ. ಅವಳು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವಳು. ಬಿ.ಎಸ್ಸಿ.ಗೆ ಬೇಕಾದ ಶೇಕಡಾ 45 ದಾಟಿದ್ದಾಳೆ. ಜಿಎನ್‌ಎಂಗೆ ಯಾವ ವಿಭಾಗದವರಾದರೂ ಶೇಕಡಾ 40 ಸಾಕು. ಆದರೆ ಇಲ್ಲಿನ ಸೀಟಿಗೆ ಹೋದರೆ ಡೊಮಿಸೈಲ್ ಪ್ರಮಾಣಪತ್ರ ಕೇಳುತ್ತಾರೆ, ಮುಂದಿನ ಸಿಇಟಿಗೆ ಕಾಯಬೇಕು. ಆಗ ನಾಲ್ಕು ಐದಾಗುತ್ತದೆ. ಡಿಪ್ಲೊಮಾದ ದಾರಿಯಲ್ಲಿ ಎರಡು ವರ್ಷಕ್ಕೇ ನೋಂದಣಿ, ಕೈಗೆ ಸಂಬಳ.

ಆ ಸಂಬಳದಲ್ಲೇ ಒಂದು ಅಪಾಯವೂ ಇದೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ನಾನೂ ಜಿಎನ್‌ಎಂ ಮುಗಿಸಿ ಈ ಊರಿಗೆ ಬಂದವಳು. ಒಂದು ವರ್ಷ ದುಡಿದು ಪೋಸ್ಟ್ ಬೇಸಿಕ್‌ಗೆ ಸೇರುತ್ತೇನೆ ಎಂದುಕೊಂಡಿದ್ದೆ. ಸೇರುವಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಮನೆ ಬಾಡಿಗೆ, ಮಗು, ಅತ್ತೆಯ ಔಷಧಿ. ಎರಡು ವರ್ಷ ಸಂಬಳ ಬಿಟ್ಟು ಕೂರುವ ಧೈರ್ಯ ಬರಲಿಲ್ಲ. ನಾನು ಕೆಲಸ ಕಲಿಸಿದ ಹುಡುಗಿ ಪದವಿ ಇದ್ದ ಕಾರಣಕ್ಕೆ ಇನ್‌ಚಾರ್ಜ್ ಸಿಸ್ಟರ್ ಆದಳು. ಆವತ್ತು ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಅತ್ತಿದ್ದೇನೆ. ಅವಳ ತಪ್ಪೇನೂ ಇರಲಿಲ್ಲ.

"ಹಾಗಾದ್ರೆ ಬಿ.ಎಸ್ಸಿ.ಯವರಿಗೆ ಹೆಚ್ಚು ಗೊತ್ತಿರ್ತದಾ, ಚಿಕ್ಕಮ್ಮ?"

ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. ಕಪಾಟಿನಿಂದ ಅವಧಿ ಮೀರಿದ ಐ.ವಿ. ಸೆಟ್ ತೆಗೆಯುತ್ತೇನೆ. ಅರ್ಧ ಲೀಟರಿನ ಖಾಲಿ ಸಲೈನ್ ಬಾಟಲಿಗೆ ನಲ್ಲಿ ನೀರು ತುಂಬಿ ಕಿಟಕಿಯ ಗ್ರಿಲ್‌ಗೆ ತೂಗುಹಾಕಿ, ಕೆಳಗೆ ಪಾತ್ರೆ ಇಡುತ್ತೇನೆ. "500 ಎಂಎಲ್, ನಾಲ್ಕು ಗಂಟೆಯಲ್ಲಿ ಹೋಗಬೇಕು. ಸೆಟ್ಟು ಎಂಎಲ್‌ಗೆ ಇಪ್ಪತ್ತು ಹನಿಯದ್ದು. ಬಿಡು."

ಹತ್ತಿರ ಬಂದು ನೋಡಿ. ಅವಳು ತುಟಿಯಲ್ಲೇ ಲೆಕ್ಕ ಹಾಕುತ್ತಾಳೆ: ಹತ್ತು ಸಾವಿರ ಹನಿ, 240 ನಿಮಿಷ, ನಿಮಿಷಕ್ಕೆ 42. ಹೆಬ್ಬೆರಳು ಕ್ಲಾಂಪಿನ ಗಾಲಿಯ ಮೇಲೆ, ಕಣ್ಣು ಚೇಂಬರಿನ ಮೇಲೆ. ನಾನು ಗಡಿಯಾರ ಹಿಡಿಯುತ್ತೇನೆ. ಹದಿನೈದು ಸೆಕೆಂಡಿಗೆ ಹದಿನಾರು ಹನಿ.

"ಈ ವೇಗದಲ್ಲಿ ಬಾಟಲಿ ಎರಡೂವರೆ ಗಂಟೆಗೇ ಖಾಲಿ. ನಿನ್ನ ಅಪ್ಪನಂಥವರ ಹೃದಯಕ್ಕೆ ಅದು ಭಾರ."

ಅವಳ ಕೈ ಒಂದು ಕ್ಷಣ ನಡುಗುತ್ತದೆ. ಗಾಲಿಯನ್ನು ಕೂದಲೆಳೆಯಷ್ಟು ಕೆಳಗೆ ತಳ್ಳುತ್ತಾಳೆ. ಹದಿಮೂರು. ಇನ್ನಷ್ಟು. ಹನ್ನೊಂದು. ಮತ್ತೆ ಎಣಿಸುತ್ತಾಳೆ, ಹತ್ತು. ಆಮೇಲೆ ಸೆರಗಿಲ್ಲದ ಭುಜಕ್ಕೆ ಬೆವರು ಒರೆಸಿಕೊಂಡು ನನ್ನತ್ತ ನೋಡುತ್ತಾಳೆ.

"ಬಿ.ಎಸ್ಸಿ.ಯಲ್ಲೂ ಇದೇ ಲೆಕ್ಕ, ಇದೇ ಹನಿ," ಎನ್ನುತ್ತೇನೆ. ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಾಗಲಿ, ಮಂಗಳೂರಿನ ವೆನ್‌ಲಾಕ್ ಆಗಲಿ, ಹಾಸಿಗೆಯ ಮೇಲಿರುವವರು ಕರೆಯುವುದು "ಸಿಸ್ಟರ್" ಎಂದಷ್ಟೇ. ಪದವಿಯ ತೂಕ ಬೇರೆ ಕಡೆ ಗೊತ್ತಾಗುತ್ತದೆ. ಎಂ.ಎಸ್ಸಿ. ಓದಲು, ಕಾಲೇಜಿನಲ್ಲಿ ಪಾಠ ಹೇಳಲು ಅದು ಬೇಕೇ ಬೇಕು. ನರ್ಸ್‌ಗಳ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಯನ್ನು ಪದವಿಯವರು ನೋಂದಣಿಯಾದ ಕೂಡಲೇ ಬರೆಯಬಹುದು. ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು.

ಮಳೆ ಸ್ವಲ್ಪ ಕಡಿಮೆಯಾಗಿದೆ. ಅವಳು ಕಾಲನಿರ್ಣಯದ ಹಾಳೆಯನ್ನು ಮತ್ತೆ ಎತ್ತಿಕೊಳ್ಳುತ್ತಾಳೆ. ಮೇಲಿನ ಸಾಲಿನ ಅಡಿಗೆ ಗೆರೆ ಎಳೆಯುತ್ತಾಳೆ. "ವಾಪಸ್ ಹೋಗ್ತೇನೆ. ಎರಡು ವರ್ಷ ಅಂದ್ರೆ ಹೇಗೂ ಕಳೀತದೆ. ಆದ್ರೆ ನಿಮ್ಮ ಹಾಗೆ ಹನ್ನೊಂದು ವರ್ಷ ಮಾಡುದಿಲ್ಲ."

ಹಾಳೆಯ ಕೆಳಗೆ ನಾವಿಬ್ಬರೂ ಸೇರಿ ಬರೆಯುತ್ತೇವೆ: ಕರ್ನಾಟಕ ಕೌನ್ಸಿಲ್‌ನಲ್ಲಿ ನೋಂದಣಿ. ಥಾಣೆಗೆ ಬಂದ ಮೇಲೆ ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ ನೋಂದಣಿ. ಒಂದೇ ವರ್ಷ ದುಡಿಮೆ. ಮರುವರ್ಷ ಪೋಸ್ಟ್ ಬೇಸಿಕ್ ಅರ್ಜಿ. ಆ ಎರಡು ವರ್ಷ ಭಾವನ ಔಷಧಿಯ ಖರ್ಚು ನನ್ನದು. ಕೊನೆಯ ಸಾಲನ್ನು ಬರೆದವಳು ನಾನು.

ಈ ಮನೆಯಿಂದ ಹೊರಡುವ ಮೊದಲು ಒಂದು ಮಾತು ಕೇಳಿ. ನಿಮ್ಮ ಮಗಳು ಇನ್ನೂ ಯಾವುದಕ್ಕೂ ಸೇರಿಲ್ಲ, ವಿಜ್ಞಾನ ಓದಿದ್ದಾಳೆ, ನಾಲ್ಕು ವರ್ಷದ ಖರ್ಚು ಮನೆ ತಡೆಯುತ್ತದೆ ಎಂದಾದರೆ ನೇರವಾಗಿ ಬಿ.ಎಸ್ಸಿ.ಗೇ ಸೇರಿಸಿ. ಈಗಾಗಲೇ ಜಿಎನ್‌ಎಂ ಅರ್ಧ ದಾರಿಯಲ್ಲಿದ್ದರೆ ಹೆಸರಿಗೆ ಅಂಜಿ ಬಿಡಿಸಬೇಡಿ. ಮುಗಿಸಲಿ, ಆದರೆ ಪೋಸ್ಟ್ ಬೇಸಿಕ್‌ನ ವರ್ಷವನ್ನು ಇವತ್ತೇ ಬರೆದಿಡಿ. ಒಂದು ಪೈಸೆ ಕಟ್ಟುವ ಮೊದಲು ಆ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೀವೇ ವಿಚಾರಿಸಿ. ನಡುವೆ ಸೇರಿಸುತ್ತೇನೆ ಎಂದು ಬರುವವನಿಗೆ ಚಹಾ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.