ನಂದಿಯ ದಾರಿಯಲ್ಲಿ ಹಾಡಿನ ಪೆಟ್ಟಿಗೆ

ಭಾನುವಾರದ ಬೆಳಗಿನ ಜಾವ. ಬೆಂಗಳೂರು ಇನ್ನೂ ಮುಸುಕು ಹೊದ್ದು ಮಲಗಿರುವಾಗಲೇ ಹೆಬ್ಬಾಳದ ಕಡೆಯಿಂದ ಪುಟ್ಟ ದೀಪಗಳ ಸಾಲೊಂದು ಉತ್ತರಾಭಿಮುಖವಾಗಿ ಹೊರಡುತ್ತದೆ. ಅದು ಸೈಕಲ್ ಸವಾರರ ಸಾಲು. ಯಲಹಂಕ, ದೇವನಹಳ್ಳಿಗಳನ್ನು ಹಿಂದಿಕ್ಕಿ, ಸುಮಾರು 60 ಕಿಲೋಮೀಟರು ದೂರದ ನಂದಿಬೆಟ್ಟವನ್ನು ಬಿಸಿಲು ಬಲಿಯುವ ಮುನ್ನ ಮುಟ್ಟಬೇಕೆಂಬುದು ಅವರ ಹಟ.

ಇಷ್ಟು ದೂರ ತುಳಿಯುವವನಿಗೆ ಜೊತೆ ಬೇಕು. ಜೊತೆಗಾರನ ಮಾತು ಏರು ಬಂದೊಡನೆ ಉಸಿರಿನಲ್ಲಿಯೇ ಅಡಗಿಹೋಗುತ್ತದೆ. ಹಾಡಿಗಾದರೋ ಏದುಸಿರಿನ ಕಾಟವಿಲ್ಲ. ಆದುದರಿಂದಲೇ ಸವಾರರು ಹಾಡಿನ ಪೆಟ್ಟಿಗೆಯನ್ನು ಜೊತೆಗೊಯ್ಯುವ ಚಪಲವನ್ನು ಎಂದಿನಿಂದಲೂ ಬಿಟ್ಟವರಲ್ಲ. ಅದರ ಫಜೀತಿಗಳೂ ಅವರನ್ನು ಬಿಟ್ಟಿಲ್ಲ.

1954ರಲ್ಲಿ ಅಮೆರಿಕದ ಅಂಗಡಿಗಳಿಗೆ ಟ್ರಾನ್ಸಿಸ್ಟರ್ ರೇಡಿಯೋ ಬಂದಿತು. ಅದನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು ಹೊರಟವರಿಗೆ, ತಿರುವಿಗೊಮ್ಮೆ ಹಾಡು ಕ್ಷೀಣಿಸುವುದೇಕೆಂಬುದು ಒಗಟಾಗಿತ್ತು. ಒಳಗಿನ ಏರಿಯಲ್ ಕಡ್ಡಿಯ ತುದಿ ನಿಲಯದತ್ತ ತಿರುಗಿದರೆ ದನಿ ಕುಗ್ಗುತ್ತದೆ, ಅಡ್ಡಲಾದರೆ ಹಿಗ್ಗುತ್ತದೆ. ಬಳಸುದಾರಿಯಲ್ಲಿ ಸೈಕಲ್ಲಿನೊಡನೆ ರಾಗವೂ ಹೊರಳಬೇಕಾಯಿತು!

1979ರಲ್ಲಿ ಜಪಾನಿನಿಂದ ವಾಕ್‌ಮನ್ ಬಂದಿತು. ಅದರ ಬ್ಯಾಟರಿ ಸೊರಗಿದಂತೆ ಮೋಟಾರು ನಿಧಾನಿಸಿ, ಕೋಗಿಲೆ ಕಂಠದ ಗಾಯಕಿಯೂ ಗೊಗ್ಗರು ದನಿಯ ಗಂಡಸಾಗುತ್ತಿದ್ದಳು. ಬಳಿಕ ಬಂದ ಸೀಡಿಗೆ ರಸ್ತೆಯ ಹಳ್ಳಗಳೇ ಶತ್ರು. ಚಕ್ರ ಕುಲುಕಿದೊಡನೆ ಬೆಳಕಿನ ಕಿರಣ ದಾರಿ ತಪ್ಪಿ, ಪಲ್ಲವಿಯಿಂದ ಹಾಡು ನೇರವಾಗಿ ಚರಣಕ್ಕೆ ಹಾರುತ್ತಿತ್ತು.

ಈಗಿನ ಗುಂಡಿಯಂಥ ಇಯರ್‌ಬಡ್‌ಗಳಿಗೆ ತಂತಿಯೇ ಇಲ್ಲ. ಬೆವರಿಗೆ ಜಾರಿ ಬೀಳುವುದೊಂದು ತೊಂದರೆ. ಗಾಳಿಯ ಭೋರ್ಗರೆತವನ್ನು ಮೀರಿಸಲೆಂದು ದನಿಯನ್ನು ಏರಿಸುವುದು ಅದಕ್ಕಿಂತ ದೊಡ್ಡದು.

ನಂದಿಯ ಶಿಖರ ಸಮುದ್ರಮಟ್ಟದಿಂದ 1478 ಮೀಟರು ಎತ್ತರ. ಅಲ್ಲಿ ಟಿಪ್ಪುವಿನ ಬೇಸಗೆ ಅರಮನೆಯನ್ನೂ ಯೋಗನಂದೀಶ್ವರನ ಗುಡಿಯನ್ನೂ ನೋಡಿ, ಒಂದು ಭಾನುವಾರ ತಂದೆ-ಮಗಳಿಬ್ಬರು ಇಳಿಯುತ್ತಿದ್ದರು. ತಂದೆಗೆ ಅರುವತ್ತು ದಾಟಿತ್ತು. ಮಗಳ ಕಿವಿಗಳೆರಡೂ ಮುಚ್ಚಿದ್ದವು. ಮಂಜಿನ್ನೂ ಕರಗಿರಲಿಲ್ಲ. ತಿರುವೊಂದರ ಕೆಳಗಿನಿಂದ ಬಸ್ಸಿನ ಹಾರನ್ನು ಕೇಳಿಸಿತು. ತಂದೆ ಬ್ರೇಕು ಹಿಡಿದರು. ಮುಂದಿದ್ದ ಮಗಳು ಹಿಡಿಯಲಿಲ್ಲ. "ಎಡಕ್ಕೆ! ಎಡಕ್ಕೆ ಬಾರಮ್ಮಾ!" ಎಂದು ಅವರು ಕೂಗಿದ ಕೂಗು ಕಾಡಿಗೆಲ್ಲ ಕೇಳಿಸಿತು, ಅವಳಿಗೊಬ್ಬಳಿಗಲ್ಲ.

ಬಸ್ಸಿನ ಮೂತಿ ಕಣ್ಣಿಗೆ ಬಿದ್ದೊಡನೆ ಅವಳು ಎಡಕ್ಕೆ ಹೊರಳಿಸಿದಳು. ಚಕ್ರ ಜಲ್ಲಿಯಲ್ಲಿ ಜಾರಿತು. ಬಸ್ಸು ಮೊಳದಂತರದಲ್ಲಿ ಹಾದುಹೋಯಿತು. ಮೊಣಕಾಲು ತರಚಿತ್ತು, ಬಲಗಿವಿಯ ಬಡ್ ಎಲ್ಲೋ ಹಾರಿಹೋಗಿತ್ತು.

ತಂದೆ ಓಡಿಬಂದು, ಮಾತಿಲ್ಲದೆ ಬಾಟಲಿಯ ನೀರಿನಿಂದ ಗಾಯ ತೊಳೆದರು. ಅವರ ಕೈ ನಡುಗುತ್ತಿತ್ತು.

"ಅಪ್ಪಾ, ನೀವು ಕೂಗಿದಿರಾ?"

"ಕೂಗಿದೆನಮ್ಮ."

ಅವಳು ಉಳಿದ ಬಡ್ಡನ್ನೂ ತೆಗೆದು ಜೇಬಿಗೆ ಹಾಕಿದಳು. ಕಳೆದುದನ್ನು ಹುಡುಕೋಣವೇ ಎಂದು ತಂದೆ ಕೇಳಿದಾಗ ಬೇಡವೆಂದು ತಲೆಯಾಡಿಸಿದಳು.

ಮುಂದಿನ ತಿರುವುಗಳನ್ನು ಅವರು ಮೆಲ್ಲನೆ ಇಳಿದರು. ಮರಗಳಲ್ಲಿ ಹಕ್ಕಿಗಳ ಕಲರವವಿತ್ತು; ಹಿಂದೆ ತಂದೆಯ ಹಳೆಯ ಸೈಕಲ್ಲಿನ ಫ್ರೀವೀಲು ಟಿಕಿಟಿಕಿ ಎನ್ನುತ್ತಿತ್ತು. ಬುಡದಲ್ಲಿ, ಒಂಬತ್ತನೆಯ ಶತಮಾನದ ಭೋಗನಂದೀಶ್ವರನ ಗುಡಿ ತಲುಪುವವರೆಗೂ ಆ ಸದ್ದು ಬೆನ್ನಹಿಂದೆಯೇ ಇರುವುದನ್ನು ಮಗಳು ಕಿವಿಗೊಟ್ಟು ಕೇಳುತ್ತಲೇ ಇದ್ದಳು.