ಹಳೆಯ ಅಂಚೆ, ಹೊಸ ಸರಕು

‘ಯೂಸ್‌ನೆಟ್’ ಎಂಬ ಚರ್ಚಾಜಾಲವು ಎಂದೋ ಗತಿಸಿತೆಂದು ವಾಚಕರಲ್ಲಿ ಅನೇಕರು ಭಾವಿಸಿರಬಹುದು. ಅದು ಇನ್ನೂ ಜೀವಿಸಿದೆ. ಆದರೆ ಮಾತಿನಿಂದಲ್ಲ, ಸರಕಿನಿಂದ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳಿಬ್ಬರು ಇದನ್ನು ಕಲ್ಪಿಸಿದರು; ಮರುವರ್ಷ ಅದು ಬಳಕೆಗೆ ಬಂದಿತು. ಇದಕ್ಕೆ ಒಡೆಯನೆಂಬವನಿಲ್ಲ. ಒಂದು ಗಣಕಯಂತ್ರವು ದೂರವಾಣಿಯ ತಂತಿಯ ಮೂಲಕ ತನ್ನಲ್ಲಿದ್ದ ಬರಹಗಳನ್ನು ನೆರೆಯ ಯಂತ್ರಕ್ಕೆ ಒಪ್ಪಿಸುವುದು, ಅದು ಪ್ರತಿ ಮಾಡಿಕೊಂಡು ಮುಂದಿನದಕ್ಕೆ ಸಾಗಿಸುವುದು. 1991ರ ಆಗಸ್ಟಿನಲ್ಲಿ ಟಿಮ್ ಬರ್ನರ್ಸ್-ಲೀ ಮಹಾಶಯರು ತಮ್ಮ ವಿಶ್ವವ್ಯಾಪಿ ಜಾಲದ ವಾರ್ತೆಯನ್ನು ಇಲ್ಲಿಯೇ ಸಾರಿದರು. ತನ್ನನ್ನು ಮೂಲೆಗೊತ್ತಲಿದ್ದ ಶಿಶುವಿಗೆ ಹಳೆಯ ಜಾಲವೇ ಜಾತಕರ್ಮವನ್ನು ನಡೆಸಿತೆನ್ನಬೇಕು!

ಈ ಏರ್ಪಾಡು ಹುಟ್ಟಿದುದು ಅಕ್ಷರಗಳಿಗಾಗಿ. ಸಂಗೀತವಾಗಲಿ ಚಲಚ್ಚಿತ್ರವಾಗಲಿ ಇದ್ದಂತೆಯೇ ಇದರೊಳಗೆ ಸಾಗುವಂತಿರಲಿಲ್ಲ. ಉಪಾಯಗಾರರು ಕಡತದ ಅಂಕೆಗಳನ್ನೇ ಅಕ್ಷರಗಳನ್ನಾಗಿ ಮಾಡಿದರು. ಪಾಠಶಾಲೆಯಲ್ಲಿ ಕಟಪಯಾದಿಯನ್ನು ಉರುಹಾಕಿದ ನನಗೆ ಇದು ಅಪೂರ್ವವೆಂದು ತೋರಲಿಲ್ಲ. ‘ಧೀರಶಂಕರಾಭರಣ’ದ ಮೊದಲೆರಡು ಅಕ್ಷರಗಳಲ್ಲಿ 29ನೆಯ ಮೇಳವೆಂಬ ಸಂಖ್ಯೆಯು ಅಡಗಿಲ್ಲವೆ? ‘ಯುಯುಎನ್‌ಕೋಡ್’ ಎಂಬ ಮೊದಲಿನ ರೀತಿಯಲ್ಲಿ ಮೂರು ಬೈಟುಗಳು ನಾಲ್ಕು ಅಕ್ಷರಗಳಾಗಿ ಹೊರೆ ಬೆಳೆಯುತ್ತಿತ್ತು. 2001ರಲ್ಲಿ ಬಂದ ‘ವೈಎಂಕ್’ ರೀತಿಯಲ್ಲಿ ಆ ಹೆಚ್ಚಳವು ನೂರಕ್ಕೆ ಒಂದೆರಡಕ್ಕಿಳಿಯಿತು. ದೊಡ್ಡ ಕಡತವನ್ನು ನೂರಾರು ತುಂಡುಗಳಾಗಿ ಕಳುಹಿಸುವಾಗ ಕೆಲವು ದಾರಿಯಲ್ಲಿ ಕಳೆಯುವುದುಂಟು. ಅದಕ್ಕಾಗಿ ‘ಪಾರ್’ ಎಂಬ ಹೆಚ್ಚುವರಿ ತುಂಡುಗಳನ್ನು ಜೊತೆಗಿಡುತ್ತಾರೆ. ಅವುಗಳಿಂದ ನಷ್ಟವಾದುದನ್ನು ಗಣಿತದ ಮೂಲಕ ಮರಳಿ ಪಡೆಯಬಹುದು. ವೇದಪಾಠಿಗಳ ಜಟೆ, ಘನಗಳು ನೆನಪಾಗುತ್ತವೆ; ಹೋಲಿಕೆ ಪೂರ್ಣವಲ್ಲ, ಜಟೆಯು ತಪ್ಪನ್ನು ಹಿಡಿಯುತ್ತದೆ, ಪಾರ್ ತುಂಬಿಯೇ ಕೊಡುತ್ತದೆ.

ಇಷ್ಟು ಜಾಣ್ಮೆಯು ಬಹುಮಟ್ಟಿಗೆ ಪರರ ಸೊತ್ತನ್ನು ಸಾಗಿಸುವುದಕ್ಕೆ ವಿನಿಯೋಗವಾಯಿತೆಂಬುದು ವಿಷಾದದ ಸಂಗತಿ. 2009ರಲ್ಲಿ ಧ್ವನಿಮುದ್ರಣದ ಕಂಪೆನಿಗಳು ಹೂಡಿದ ದಾವೆಯಲ್ಲಿ ಅಮೆರಿಕದ ನ್ಯಾಯಾಲಯವೊಂದು ಯೂಸ್‌ನೆಟ್.ಕಾಂ ಎಂಬ ವ್ಯಾಪಾರಸಂಸ್ಥೆಯನ್ನು ಹೊಣೆಮಾಡಿತು. ಗಾಯಕನಿಗೂ ಹೊಟ್ಟೆಯಿದೆಯಷ್ಟೆ, ಆ ತೀರ್ಪನ್ನು ನಾನು ಆಕ್ಷೇಪಿಸಲಾರೆ.

ಆದರೂ ನನ್ನ ಮನಸ್ಸು ಒಂದೆಡೆ ತೊಡಕಿಕೊಳ್ಳುತ್ತದೆ. ನನ್ನ ತಮ್ಮನು 1990ರ ದಶಕದಲ್ಲಿ ಅಮೆರಿಕದಲ್ಲಿ ವ್ಯಾಸಂಗಮಾಡುತ್ತಿದ್ದಾಗ ಕರ್ಣಾಟಕದವರಿಗಾಗಿ ಇದ್ದ ವೃಂದದಲ್ಲಿ, ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಸಾರಿನ ಪುಡಿಯಿಂದ ಹಿಡಿದು ವಚನಗಳ ಅರ್ಥದವರೆಗೆ ಅಪರಿಚಿತರೊಡನೆ ವಾದಿಸುತ್ತಿದ್ದನು. ಆತನು ಈಗ ಇಲ್ಲ. ಊರಿಗೆ ಬರೆದ ಕಾಗದಗಳಲ್ಲಿ ಕ್ಷೇಮಸಮಾಚಾರ ಮಾತ್ರ. ಅವನ ಧ್ವನಿಯಿರುವುದು ಆ ಜಗಳಗಳಲ್ಲಿ. ಗೂಗಲ್ ಸಂಸ್ಥೆಯು 2024ರ ಫೆಬ್ರವರಿ 22ರಿಂದ ಹೊಸ ಯೂಸ್‌ನೆಟ್ ಬರಹಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಹಳೆಯವನ್ನು ಮಾತ್ರ ಓದಲು ಬಿಟ್ಟಿದೆ. ಜಾಲದ ತವರಾದ ಡ್ಯೂಕ್ ಕೂಡ 2010ರಲ್ಲಿಯೇ ತನ್ನ ಯಂತ್ರವನ್ನು ಮುಚ್ಚಿತು.

ಇಂದು ಚರ್ಚಾವೃಂದಗಳನ್ನು ಹೊರುತ್ತಿರುವವರಲ್ಲಿ ಸ್ವಂತ ಆಸಕ್ತಿಯಿಂದ ಯಂತ್ರವನ್ನಿಟ್ಟಿರುವ ಕೆಲವರನ್ನು ಬಿಟ್ಟರೆ, ದೊಡ್ಡ ಪಾಲು ತಿಂಗಳ ಚಂದಾ ಪಡೆದು ಕಡತಗಳನ್ನು ವರ್ಷಗಟ್ಟಲೆ ಕಾಪಾಡುವ ವ್ಯಾಪಾರಿಗಳದು. ಚಂದಾ ತೆರುವವರಿಗೆ ಬೇಕಾದುದು ಚಲಚ್ಚಿತ್ರ. ಅದರ ಹಿಂದೆ, ಬಂಡಿಯ ಮೂಲೆಯಲ್ಲಿ ಕುಳಿತ ಬಡ ನೆಂಟನಂತೆ, ಮಾತೂ ಸಾಗುತ್ತಿದೆ.